ನಾಟಕಕ್ಕೆ ಬೆನ್ನು ಹಾಕಿ ಕೂತು ಮಾರ್ಕು ಹಾಕಿದೆ

ಮೊದಲ ಸಲ ರಂಗಕ್ಕೆ ಬೆನ್ನು ಹಾಕಿ ಕೂತಾಗ ಹೆಡ್‌ಮೇಡಂ ಓಡಿ ಬಂದರು. "ಏನ್ ಸರ್, ಕುರ್ಚಿ ತಿರುಗಿಸಿ ಕೊಡ್ಲಾ? ನಮ್ಮ ಮೇಲೆ ಕೋಪಾನಾ?" ಕೋಪ ಇಲ್ಲ ಮೇಡಂ, ನಾನು ನೋಡೋಕೆ ಬಂದಿರೋದು ನಿಮ್ಮ ಚಿಕ್ಕ ಮಕ್ಕಳನ್ನ ಅಂದೆ. ಅವರು ತಲೆಯಾಡಿಸಿದರು, ಆದರೆ ನನ್ನ ತಲೆ ಸರಿ ಇದೆಯೋ ಇಲ್ಲವೋ ಅನ್ನುವ ಅನುಮಾನ ಮುಖದಲ್ಲೇ ಇತ್ತು. ಜೊತೆಗಿದ್ದ ಹಿರಿಯ ತೀರ್ಪುಗಾರರಂತೂ ನೇರವಾಗಿ ಕೇಳಿದರು, "ನಾಟಕ ನೋಡದೆ ಮಾರ್ಕು ಹಾಕ್ತೀಯಾ ಮಾರಾಯ?" ಅದೇ ಹಿರಿಯರು ಈ ವರ್ಷ ನಾನು ಮಾರ್ಕು ಹಾಕುವ ಹಾಳೆಯ ಜೆರಾಕ್ಸ್ ಕೇಳಿ ತರಿಸಿಕೊಂಡರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮುಂಬೈಯ ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಇಲ್ಲೆಲ್ಲ ನಾಟಕ ನೋಡುತ್ತಲೇ ಬೆಳೆದವನು ನಾನು. ಈಗ ಹೈಸ್ಕೂಲು, ಜೂನಿಯರ್ ಕಾಲೇಜಿನ ಹುಡುಗರಿಗೆ ಜನಪದ ಕತೆ ಕಲಿಸಿ ಒಂದರಿಂದ ನಾಲ್ಕನೇ ಕ್ಲಾಸಿನ ಮಕ್ಕಳ ಮುಂದೆ ಆಡಿಸುತ್ತೇನೆ. ಹಳೆಯ ಮಾರ್ಕಿನ ಹಾಳೆ ನಿಮಗೆ ಗೊತ್ತೇ ಇದೆ. ಅಭಿನಯಕ್ಕೆ ಇಷ್ಟು, ಉಚ್ಚಾರಕ್ಕೆ ಇಷ್ಟು, ವೇಷಕ್ಕೆ ಇಷ್ಟು. ಅದರಲ್ಲಿ ನೂರಕ್ಕೆ 82 ತೆಗೆದ ಒಂದು ನಾಟಕದಲ್ಲಿ ಎರಡನೇ ಕ್ಲಾಸಿನವರು ಸಾಲುಸಾಲಾಗಿ ಸೂಸುಗೆ ಎದ್ದು ಹೋದರು. ಒಂದು ಮಗು ಎದ್ದರೆ ನಿಜವಾಗಿ ಬಂದಿರುತ್ತದೆ. ಒಂದೇ ನಿಮಿಷದಲ್ಲಿ ಏಳು ಮಕ್ಕಳು ಎದ್ದರೆ ಅದು ನಾಟಕಕ್ಕೆ ಬಂದ ಮಾರ್ಕು, ಅಲ್ವಾ?

ಹಾಗಾಗಿ ಮಕ್ಕಳಿಂದಲೇ ಮಾರ್ಕು ಹಾಕಿಸೋಣ ಅಂದುಕೊಂಡೆ. ಮೂರು ಮುಖ ಬರೆದ ಚೀಟಿ ಮಾಡಿಸಿದೆ. ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ. ನೂರಾ ನಲವತ್ತು ಚೀಟಿ, ಬಣ್ಣದ ಪ್ರಿಂಟು, ಸಾವಿರದ ಹತ್ತಿರ ಖರ್ಚು. ಬಹುಪಾಲು ಎಲ್ಲರೂ ನಗುವ ಮುಖಕ್ಕೇ ಗೀಟು ಹಾಕಿದರು. ಯಾಕೆ ಅಂದರೆ "ಟೀಚರ್ ಬೈತಾರ್ರೀ ಸರ" ಅಂದ ಒಬ್ಬ. ಇನ್ನೊಬ್ಬ ಮೂರಕ್ಕೂ ಮೀಸೆ ಬರೆದುಕೊಟ್ಟ. ಆದರೆ ನನ್ನನ್ನು ನಿಜವಾಗಿ ಸೋಲಿಸಿದ್ದು ಒಂದು ಹುಡುಗಿ. ಅವತ್ತಿನ ನಾಟಕ ಪುಣ್ಯಕೋಟಿ. ಅವಳು ಅಳುವ ಮುಖಕ್ಕೆ ಗೀಟು ಹಾಕಿದ್ದಳು. ಇಷ್ಟ ಆಗಲಿಲ್ವಾ ಪುಟ್ಟಿ ಅಂದೆ. "ಹುಲಿ ಸತ್ತೋಯ್ತಲ್ಲ" ಅಂದಳು. ಇಡೀ ಸಭಾಂಗಣದಲ್ಲಿ ಆ ನಾಟಕ ಯಾರಿಗಾದರೂ ಪೂರ್ತಿ ತಟ್ಟಿದ್ದರೆ ಅದು ಅವಳಿಗೆ. ನನ್ನ ಲೆಕ್ಕದಲ್ಲಿ ಅದು ಸೊನ್ನೆ. ಉಳಿದ ಚೀಟಿಗಳ ಹಿಂಭಾಗದಲ್ಲಿ ಈಗಲೂ ದಿನಸಿ ಪಟ್ಟಿ ಬರೆಯುತ್ತೇವೆ.

ಆಮೇಲೆ ಮೊಬೈಲಿನಲ್ಲಿ ಮಕ್ಕಳ ವಿಡಿಯೋ ಮಾಡಲು ಹೋದೆ. ಒಂಬೈನೂರು ಕೊಟ್ಟು ಸ್ಟ್ಯಾಂಡು ತಂದೆ. ಮಂದ ಬೆಳಕಿನಲ್ಲಿ ಏನೂ ಕಾಣಲಿಲ್ಲ. ಮಕ್ಕಳೆಲ್ಲ ನಾಟಕ ಬಿಟ್ಟು ಮೊಬೈಲಿಗೆ ನಾಲಿಗೆ ಚಾಚಿದರು. ಮುಂದಿನ ಶಾಲೆಯವರು ತಂದೆತಾಯಿ ಒಪ್ಪಿಗೆ ಇಲ್ಲದೆ ಶೂಟಿಂಗ್ ಬೇಡ ಅಂದರು. ಸರಿಯಾಗಿಯೇ ಅಂದರು. ಅಲ್ಲಿಗೆ ಬಿಟ್ಟೆ.

ಕೊನೆಗೆ ಕುರ್ಚಿ ತಿರುಗಿಸಿದೆ. ಎರಡು ನಿಮಿಷಕ್ಕೊಮ್ಮೆ ಮೂರು ಸಾಲನ್ನು ಒಂದೇ ಗುಕ್ಕಿನಲ್ಲಿ ನೋಡುವುದು. ರಂಗ ಬಿಟ್ಟು ಬೇರೆ ಕಡೆ ನೋಡುವ ಮಕ್ಕಳನ್ನು ಎಣಿಸುವುದು. ಹಾಳೆಯಲ್ಲಿ ಚುಕ್ಕಿ ಇಡುವುದು. ಕೇಳೋಕೆ ಇಷ್ಟೇ. ಮೊದಲ ನಾಲ್ಕು ಪ್ರದರ್ಶನದ ಹಾಳೆಗಳು ಮಾತ್ರ ಪೂರ್ತಿ ಕಸ. ಪಕ್ಕದವನ ಜೊತೆ ಮಾತಾಡುವವರನ್ನೆಲ್ಲ ಬೇಜಾರಾದವರು ಅಂತ ಬರೆದಿದ್ದೆ. ಹತ್ತಿರ ಹೋಗಿ ಕಿವಿ ಕೊಟ್ಟರೆ ಅವರು ಕಾಗೆ ಗುಬ್ಬಿ ನಾಟಕದ ಗುಬ್ಬಿಗೆ "ಬಾಗ್ಲು ತೆಗೀಬೇಡ, ತೆಗೀಬೇಡ" ಅನ್ನುತ್ತಿದ್ದರು! ಹುಲಿಯ ಮುಖವಾಡ ಬಂದಾಗ ಕಣ್ಣು ಮುಚ್ಚಿದವರನ್ನೂ ನೋಡದವರ ಲೆಕ್ಕಕ್ಕೆ ಸೇರಿಸಿದ್ದೆ. ಬೆರಳ ಸಂದಿಯಿಂದ ನೋಡುವ ಮಗುವಿನಷ್ಟು ಗಮನ ಕೊಟ್ಟು ಯಾರೂ ನಾಟಕ ನೋಡುವುದಿಲ್ಲ. ಈಗ ಅವರಿಗೆ ಬೇರೆ ಗುರುತು ಇದೆ.

ಇನ್ನೊಂದು ಎಡವಟ್ಟು ಖಿಚಡಿಯದು. ಒಂದೇ ನಾಟಕ, ಒಂದೇ ತಂಡ. ಬೆಳಿಗ್ಗೆ ಹನ್ನೊಂದಕ್ಕೆ ಬೇರೆ ಕಡೆ ನೋಡಿದವರು ಎಪ್ಪತ್ತರಲ್ಲಿ ಹತ್ತೋ ಹನ್ನೆರಡೋ. ಮಧ್ಯಾಹ್ನ ಶಾಲೆಯ ಖಿಚಡಿ ಆದ ಮೇಲೆ ಇಪ್ಪತ್ತೈದು ದಾಟಿತು. ಎರಡು ತಂಡಗಳನ್ನು ಹೋಲಿಸುವುದಾದರೆ ಎರಡೂ ಊಟಕ್ಕೆ ಮುಂಚೆ ಆಡಬೇಕು. ಇದು ಗೊತ್ತಾಗುವ ಮೊದಲು ಒಂದು ಒಳ್ಳೆಯ ತಂಡಕ್ಕೆ ಕಡಿಮೆ ಮಾರ್ಕು ಕೊಟ್ಟೆ. ಆ ಹುಡುಗರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಚುಕ್ಕಿ ಹಾಳೆ ಗಮನ ಮಾತ್ರ ಹೇಳುತ್ತದೆ. ಕತೆ ಒಳಗೆ ಇಳಿಯಿತಾ? "ಅರ್ಥ ಆಯ್ತಾ ಮಕ್ಕಳೇ" ಅಂದರೆ "ಹೌದು ಸಾssರ್" ಅಂತ ಕೋರಸ್ ಬರುತ್ತದೆ, ಅದನ್ನು ನಂಬಬೇಡಿ. ಐದು ಚಿತ್ರ ಕೊಟ್ಟು ಸಾಲಾಗಿ ಜೋಡಿಸಿ ಅಂದೆ. ಸ್ವಲ್ಪ ಉಪಯೋಗ ಆಯಿತು, ಆದರೆ ಪಕ್ಕದವನದ್ದು ನೋಡಿ ಜೋಡಿಸುತ್ತಾರೆ. ನಿಜವಾಗಿ ಕೈ ಹಿಡಿದದ್ದು ಗೈರುಹಾಜರಿ ಪುಸ್ತಕ. ನಾಟಕದ ದಿನ ಯಾರು ಬಂದಿರಲಿಲ್ಲ ನೋಡಿ. ಎಂಟು ದಿನ ಬಿಟ್ಟು ಹೋಗಿ. ನಾಟಕ ನೋಡಿದ ಮಗು ನೋಡದ ಮಗುವಿಗೆ ಕತೆ ಹೇಳಬೇಕು. ನೀವು ಪಕ್ಕದಲ್ಲಿ ಬೇರೆ ಏನೋ ಕೆಲಸ ಇರುವ ಹಾಗೆ ಕೂತು ಕೇಳಬೇಕು. ಮೇಷ್ಟರಿಗೆ ಹೇಳುವಾಗ ಪಾಠ ಒಪ್ಪಿಸುತ್ತಾರೆ. ಗೆಳೆಯನಿಗೆ ಹೇಳುವಾಗ ಕೈ ಬೀಸುತ್ತಾರೆ, ಹುಲಿ ಆಗುತ್ತಾರೆ. ಯಾವ ಮಗುವನ್ನು ಆರಿಸಬೇಕು, ಮೊದಲ ಮಾತು ಏನು ಹೇಳಿ ಶುರು ಮಾಡಿಸಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎರಡು ವರ್ಷ ಹಿಡಿದಿದೆ.

ಕಾಗೆ ಗುಬ್ಬಿ ಕತೆಯಲ್ಲಿ ತಮಾಷೆ ಆಯಿತು. ನಾವು ಆಡಿದ್ದರಲ್ಲಿ ಕಾಗೆಯದು ಸಗಣಿ ಮನೆ, ಗುಬ್ಬಿಯದು ಕಲ್ಲಿನ ಮನೆ. ಕತೆ ಹೇಳಿದ ಮಕ್ಕಳಲ್ಲಿ ಮೂರರಲ್ಲಿ ಒಬ್ಬರಾದರೂ ಗುಬ್ಬಿಯದು ಮೇಣದ ಮನೆ ಅಂದರು. ಕತ್ತರಿಸಿ ಸೊನ್ನೆ ಹಾಕಿದೆ. ದಾದರ್ ಬಂದ ಮೇಲೆ ಲೋಕಲ್ಲಿನಲ್ಲಿ ಹೊಳೆಯಿತು. ಮರಾಠಿಯಲ್ಲಿ ಕಾಗೆಯ ಮನೆ ಶೇಣದ್ದು, ಅಂದರೆ ಸಗಣಿಯದು. ಚಿಮಣಿಯ, ಅಂದರೆ ಗುಬ್ಬಿಯ ಮನೆ ಮೇಣದ್ದು. ಆ ಮಕ್ಕಳು ಬೀದಿಯಲ್ಲಿ ಕೇಳಿದ ಕತೆಯನ್ನೇ ಹೇಳಿದ್ದರು. ಅಂದರೆ ನಮ್ಮ ಕಲ್ಲಿನ ಮನೆ ಅವರ ಕಣ್ಣಿಗೇ ಬಿದ್ದಿಲ್ಲ! ಬೂದು ಬಣ್ಣದ ಒಂದು ಪರದೆ, ಕಲ್ಲು ಅಂತ ಯಾರಿಗೆ ಗೊತ್ತಾಗಬೇಕು? ಮುಂದಿನ ಸಲ ಕಾಗೆ ಬಾಗಿಲಿಗೆ ಕೊಕ್ಕು ಬಡಿದಾಗ ಟಣ್ ಅಂತ ಶಬ್ದ, ಕಾಗೆ "ಅಯ್ಯೋ ನನ್ನ ಮೂಗು" ಅಂತ ಕೂಗುವುದು. ಮೇಣ ಹೋಯಿತು.

ಇದೇ ಜೋರಿನಲ್ಲಿ ಕಾಗೆಗೆ ಮುಂಬೈ ಹಿಂದಿ ಮಾತಾಡಿಸಿ ನೋಡಿದೆ. ನಮ್ಮ ಪ್ರೇಕ್ಷಕರಲ್ಲಿ ಮನೆಯಲ್ಲಿ ತುಳು ಆಡುವ ಮಗುವಿದೆ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗುವಿದೆ. ಬೀದಿಯಲ್ಲಿ ಎಲ್ಲರದ್ದೂ ಹಿಂದಿಯೇ. ಮಕ್ಕಳು ಬಿದ್ದು ಬಿದ್ದು ನಕ್ಕರು, ಚುಕ್ಕಿ ಅರ್ಧಕ್ಕೆ ಇಳಿಯಿತು. ಎಂಟು ದಿನದ ನಂತರ ಕತೆಯನ್ನು ಪೂರ್ತಿ ಹಿಂದಿಯಲ್ಲೇ ಹೇಳಿದರು. ಸಂಘದ ಹಿರಿಯರು ಸಿಡಿಮಿಡಿ. ಅದು ಗೆಲುವೋ ಸೋಲೋ ನಾನಿನ್ನೂ ತೀರ್ಮಾನಿಸಿಲ್ಲ.

ಒಮ್ಮೆ ಡೆಕ್ಕನ್ ಕ್ವೀನ್ ಹತ್ತಿ ಪುಣೆಗೂ ಹೋಗಿ ಬಂದೆ. ಬರ್ಲಿನ್ನಿನ ಗ್ರಿಪ್ಸ್ ಅನ್ನುವ ಮಕ್ಕಳ ರಂಗಭೂಮಿಯನ್ನು ನಟ ಮೋಹನ್ ಆಗಾಶೆ 1986ರಲ್ಲಿ ಅಲ್ಲಿ ಮರಾಠಿಗೆ ತಂದರು. ಅದರಲ್ಲಿ ದೊಡ್ಡವರೇ ಮಕ್ಕಳ ಪಾತ್ರ ಮಾಡುತ್ತಾರೆ, ಆದರೆ ತೊದಲು ಮಾತಿಲ್ಲ. ನಮ್ಮ ಕರು ಮಾತ್ರ "ಅಮ್ಮಾ ಅಮ್ಮಾ" ಅಂತ ಮೂಗಿನಲ್ಲಿ ಉಲಿಯುತ್ತಿತ್ತು. ಬಿಡಿಸಿದೆ.

ಇನ್ನು ದೊಡ್ಡ ಜಗಳ ಪುಣ್ಯಕೋಟಿಯದು. ಮೊದಲು 42 ನಿಮಿಷ ಇತ್ತು. ಹದಿನಾಲ್ಕರಿಂದ ಇಪ್ಪತ್ತನೇ ನಿಮಿಷದವರೆಗೆ ಚುಕ್ಕಿಗಳು ಗುಡ್ಡದ ಹಾಗೆ ಏರಿದ್ದವು. ಎಪ್ಪತ್ತರಲ್ಲಿ ಮೂವತ್ತಕ್ಕಿಂತ ಜಾಸ್ತಿ. ಅದು ಗೊಲ್ಲನ ಕುಣಿತ, ಯಕ್ಷಗಾನದ ಹೆಜ್ಜೆ ಹಾಕಿಸಿ ಮೂರು ತಿಂಗಳು ಕಲಿಸಿದ್ದು. ತೀರ್ಪುಗಾರರು ಅದಕ್ಕೇ ಹೆಚ್ಚು ಮಾರ್ಕು ಕೊಟ್ಟಿದ್ದರು. ಹಾಳೆ ತೋರಿಸಿದರೆ ಕಾಳಿಂಗ ಮಾಡಿದ ಹುಡುಗ ಅತ್ತ. "ಸರ್, ನೀವು ನನ್ನನ್ನ ನೋಡಲೇ ಇಲ್ಲ." ಅವನು ಹೇಳಿದ್ದು ನಿಜ. ಅವತ್ತಿನಿಂದ ಒಬ್ಬರು ಮಕ್ಕಳನ್ನು ನೋಡಿದರೆ ಇನ್ನೊಬ್ಬರು ರಂಗ ನೋಡಲೇಬೇಕು ಅಂತ ಮಾಡಿದೆ. ಅವನ ಕುಣಿತ ಒಂದೂವರೆ ನಿಮಿಷಕ್ಕೆ ಇಳಿಯಿತು, ಬೇರೆ ಕಡೆಯೂ ಕತ್ತರಿಸಿ ನಾಟಕ 29ಕ್ಕೆ. ಮುಂದಿನ ಶಾಲೆಯಲ್ಲಿ ಆ ಜಾಗದಲ್ಲಿ ಎಂಟೊಂಬತ್ತು ಚುಕ್ಕಿ. ಎಂಟು ದಿನ ಬಿಟ್ಟು ಗೆಳೆಯನಿಗೆ ಕತೆ ಹೇಳುವಾಗ ಮೊದಲು ಹತ್ತರಲ್ಲಿ ಮೂವರು ಕೊನೆ ಮುಟ್ಟುತ್ತಿದ್ದರು, ಈಗ ಎಂಟು ಮಂದಿ. ಆ ಹಿರಿಯ ತೀರ್ಪುಗಾರರೇ ಪಕ್ಕದಲ್ಲಿ ಕೂತು ಬೇರೆ ಎಣಿಸಿದರು. ನನ್ನದಕ್ಕೂ ಅವರದಕ್ಕೂ ಒಂದೆರಡರ ವ್ಯತ್ಯಾಸ.

ಖರ್ಚು ಕೇಳುತ್ತೀರಿ. ಪ್ರದರ್ಶನಕ್ಕೆ ಹಾಳೆ, ಚಿತ್ರ, ಬಿಸ್ಕತ್ತು, ಸಾಮಾನು ಹೊರಲು ಟ್ಯಾಕ್ಸಿ, ಎಂಟು ದಿನ ಬಿಟ್ಟು ಮತ್ತೆ ಹೋಗುವ ರೈಲು, ಎಲ್ಲ ಸೇರಿ ಸಾವಿರದ ಇನ್ನೂರರೊಳಗೆ. ಹಿಂದೆ ಮೂವರು ತೀರ್ಪುಗಾರರ ಶಾಲು, ಹಾರ, ಊಟಕ್ಕೇ ನಾಲ್ಕು ಸಾವಿರ ಆಗುತ್ತಿತ್ತು. ಈಗ ನನಗೆ ಶಾಲು ಹೊದಿಸುವವರಿಲ್ಲ, ಅದೊಂದು ನಷ್ಟ.

ಹೋದ ತಿಂಗಳು ಒಂದು ಶಾಲೆಯಲ್ಲಿ ಮೂರನೇ ಕ್ಲಾಸಿನವಳು ಗೆಳತಿಗೆ ಪುಣ್ಯಕೋಟಿ ಹೇಳುತ್ತಿದ್ದಳು. ಹುಲಿ ಸತ್ತಿತು. ಕೇಳುವವಳು ಬಿಡಲಿಲ್ಲ, "ಮತ್ತೆ ಕರು?" ಇವಳು ಸ್ವಲ್ಪ ಯೋಚಿಸಿದಳು. "ಕರು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ, ಅಮ್ಮ ಬಂದ ಮೇಲೆ ಮಲಗ್ತು. ಇದು ನಾಟಕದಲ್ಲಿ ಇರ್ಲಿಲ್ಲ, ನಾನೇ ಹೇಳ್ತಿದೀನಿ." ನನ್ನ ಹಾಳೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಅಂಚಿನಲ್ಲಿ ಬರೆದುಕೊಂಡೆ, ಎಷ್ಟು ಮಾರ್ಕು ಅಂತ ಹಾಕಿಲ್ಲ.