ಒಳಗೆ ಯಾರು, ಹೊರಗೆ ಯಾರು

ಊರಿನ ಹುಡುಗರು ಸೈನ್ಯದ ಭರ್ತಿಗೆ ಹೋಗೋ ಮುಂಚೆ ನಮ್ಮ ಮನೆಗೆ ಬರುತ್ತಾರೆ. 1600 ಮೀಟರ್ ಓಟಕ್ಕೆ ಎಷ್ಟು ದಿನದ ತಯಾರಿ ಬೇಕು, ಬೀಮ್ ಹಿಡಿದು ಎಷ್ಟು ಸಲ ಮೈ ಮೇಲಕ್ಕೆ ಎಳೀಬೇಕು, ಬೂಟು ಹಾಕಿ ಓಡಬೇಕಾ ಹೇಗೆ, ಇವೇ ಪ್ರಶ್ನೆಗಳು. ಗೊತ್ತಿದ್ದಷ್ಟು ಹೇಳಿಕೊಡುತ್ತೇನೆ. ಹೋದ ತಿಂಗಳು ಒಬ್ಬ ಹುಡುಗ ಮಾತ್ರ ಬೇರೆ ಕೇಳಿದ. ಚಹಾ ಕುಡಿದು, ಲೋಟ ಕೆಳಗಿಟ್ಟು, “ಮಾವ, ಮೇಲಿನವರು ತಪ್ಪು ಕೆಲಸ ಮಾಡು ಅಂದ್ರೆ ನೀವೇನ್ ಮಾಡ್ತಿದ್ರಿ?” ಅಂದ. ನಾನು ಏನೋ ಒಂದು ಹೇಳಿ ಕಳಿಸಿದೆ. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಅವನಿಗೆ ಕೊಡಬೇಕಿದ್ದ ಉತ್ತರ ಇದು.

ನಾನು ಇನ್‌ಫೆಂಟ್ರಿಯಲ್ಲಿ 28 ವರ್ಷ ಇದ್ದೆ. ಸುಬೇದಾರ್ ಆಗಿ ಮನೆಗೆ ಬಂದೆ. ಪಲ್ಟಣದ ಹೆಸರು ಬೇಡ. ಸುಬೇದಾರ್ ಅಂದರೆ ಮಧ್ಯದವನು. ಮೇಲೆ ಅಫೀಸರು, ಕೆಳಗೆ ಜವಾನರು. ಇಪ್ಪತ್ತಮೂರು ವರ್ಷದ ಲೆಫ್ಟಿನೆಂಟ್ ನಮ್ಮನ್ನು “ಸಾಬ್” ಅನ್ನುತ್ತಾನೆ, ನಾವೂ ಅವನನ್ನು “ಸಾಬ್” ಅನ್ನುತ್ತೇವೆ. ಹೊರಗಿನವರಿಗೆ ಇದು ತಮಾಷೆಯಾಗಿ ಕಾಣುತ್ತದೆ. ಹುದ್ದೆ ಅವನದು ದೊಡ್ಡದು, ತಲೆಗೂದಲು ನಮ್ಮದು ಬೆಳ್ಳಗೆ. ಇಬ್ಬರೂ ಅದನ್ನು ಒಪ್ಪಿಕೊಂಡು ನಡೆಯುವ ರೀತಿ ಅದು.

ಸಿನಿಮಾದಲ್ಲಿ ಬರುವಂಥ ಆಜ್ಞೆ ನನಗೆ ಒಂದೂ ಬರಲಿಲ್ಲ. “ಆ ಮನೆ ಸುಟ್ಟು ಬಾ” ಅಂತ ಯಾರೂ ಹೇಳಲಿಲ್ಲ. ನಾನು ಕಂಡ ತಪ್ಪುಗಳೆಲ್ಲ ಸುಸ್ತಿನಲ್ಲಿ, ಸಿಟ್ಟಿನಲ್ಲಿ, ಬೇಗ ಮುಗಿಸಿ ಹೋಗೋಣ ಅನ್ನುವ ಅವಸರದಲ್ಲಿ ಆದವು. ಮೊದಲನೇದು ನನ್ನದೇ.

ಆಗ ನಾನು ಹವಾಲ್ದಾರ್. ಉತ್ತರ ಕಾಶ್ಮೀರ. ಬೆಳಕು ಹರಿಯೋ ಮುಂಚೆ ಹಳ್ಳಿಯ ಸುತ್ತ ಕಾರ್ಡನ್ ಹಾಕಿದ್ದೆವು, ಅಂದರೆ ಯಾರೂ ಹೊರಗೆ ಹೋಗದ ಹಾಗೆ ಸುತ್ತುವರಿದಿದ್ದೆವು. ಮಸೀದಿಯ ಮೈಕಿನಲ್ಲಿ ಹೇಳಿಸಿ ಗಂಡಸರನ್ನೆಲ್ಲ ಶಾಲೆಯ ಮೈದಾನಕ್ಕೆ ಕರೆಸಿದ್ದಾಯಿತು. ಮನೆಯವನೊಬ್ಬನನ್ನು ಜೊತೆಗಿಟ್ಟುಕೊಂಡೇ ಒಳಗೆ ಹೋಗಬೇಕು ಅನ್ನೋದು ನಿಯಮ. ಸುಮಾರು ಮನೆ ಹಾಗೇ ಮಾಡಿದೆವು. ಮಧ್ಯಾಹ್ನವಾಯಿತು, ಹೊಟ್ಟೆ ಹಸಿದಿತ್ತು, ಏನೂ ಸಿಕ್ಕಿರಲಿಲ್ಲ. ಕೊನೆಯ ನಾಲ್ಕೈದು ಮನೆಗೆ ಮನೆಯವರನ್ನು ಕರೆಯದೆ ನಾವೇ ನುಗ್ಗಿದೆವು. ಒಂದು ಮನೆಯಲ್ಲಿ ಅಕ್ಕಿಯ ದೊಡ್ಡ ಮರದ ಪೆಟ್ಟಿಗೆ ಇತ್ತು. ನನ್ನ ಹುಡುಗನೊಬ್ಬ ಅದರೊಳಗೆ ಕಬ್ಬಿಣದ ಸರಳು ಚುಚ್ಚಿ ನೋಡುವಾಗ ಮೇಲಿನ ಹಲಗೆಯಲ್ಲಿದ್ದ ಸೀಮೆಎಣ್ಣೆ ಡಬ್ಬ ಉರುಳಿತು. ಅರ್ಧ ಡಬ್ಬ ಅಕ್ಕಿಗೆ ಹೋಯಿತು. ನಾನು ನೋಡಿದೆ. “ನಡಿ ನಡಿ” ಅಂದೆ.

ಹುಡುಕಾಟ ಮುಗಿದ ಮೇಲೆ ಒಂದು ಕಾಗದಕ್ಕೆ ಊರಿನ ಮುಖ್ಯಸ್ಥನ ಸಹಿ ತೆಗೆದುಕೊಳ್ಳುತ್ತಿದ್ದೆವು. ಏನೂ ಹಾಳಾಗಿಲ್ಲ, ಏನೂ ಕಳೆದಿಲ್ಲ, ಯಾರಿಗೂ ತೊಂದರೆಯಾಗಿಲ್ಲ ಅಂತ ಬರೆದಿರುತ್ತದೆ. ಮೈದಾನದಲ್ಲೇ ಸಹಿಯಾಯಿತು. ಊರವರು ಇನ್ನೂ ಮನೆಗೇ ಹೋಗಿರಲಿಲ್ಲ, ಅಲ್ಲಿ ಏನಾಗಿದೆ ಅಂತ ಅವರಿಗೇನು ಗೊತ್ತು? ನಾವು ಗಾಡಿ ಹತ್ತುವ ಹೊತ್ತಿಗೆ ಒಬ್ಬ ಮುದುಕ ಓಡಿ ಬಂದ. ಬೈಯಲಿಲ್ಲ, ಕೂಗಲಿಲ್ಲ. ಮುಷ್ಟಿ ತುಂಬ ಅಕ್ಕಿ ಹಿಡಿದು ನನ್ನ ಮೂಗಿನ ಹತ್ತಿರ ತಂದ. ಮೂಸಿ ನೋಡು ಅಂತ. ನಾನು ಮೂಸಿ ನೋಡಿದೆ. ಆಮೇಲೆ ಗಾಡಿ ಹತ್ತಿದೆ. ಕಂಪನಿ ಕಮಾಂಡರ್ “ಎಲ್ಲ ಸರಿ ಇತ್ತಾ?” ಅಂದಾಗ “ಸರಿ ಇತ್ತು ಸಾಬ್” ಅಂದೆ. ಕಾಗದ ಇತ್ತಲ್ಲ ಕೈಯಲ್ಲಿ.

ಆ ವರ್ಷ ಚಳಿಗಾಲದಲ್ಲಿ ಆ ಮನೆಯವರು ಏನು ತಿಂದರೋ ನನಗೆ ಗೊತ್ತಿಲ್ಲ. ಇವತ್ತಿಗೂ ಯಾರಾದರೂ ಸ್ಟೋವ್ ಹಚ್ಚಿದರೆ ಅದೇ ನೆನಪಾಗುತ್ತದೆ.

ನಾಯಬ್ ಸುಬೇದಾರ್ ಆಗಿ ನನ್ನ ಕೈಗೊಂದು ಪ್ಲಟೂನ್, ಅಂದರೆ ಮೂವತ್ತು ಚಿಲ್ಲರೆ ಜನರ ತುಕಡಿ, ಬಂದಾಗ ಮೊದಲು ಬದಲಾಯಿಸಿದ್ದು ಈ ಕಾಗದದ ಸರದಿಯನ್ನು. ಎಲ್ಲರೂ ಮನೆಗೆ ಹೋಗಿ, ನೋಡಿ, ವಾಪಸ್ ಬಂದು ಹೇಳಿದ ಮೇಲೆಯೇ ಸಹಿ. ಇದರಿಂದ ಒಂದು ಗಂಟೆ ಜಾಸ್ತಿ ನಿಲ್ಲಬೇಕಾಗುತ್ತಿತ್ತು. ಹುಡುಗರು ಗೊಣಗುತ್ತಿದ್ದರು. ಅವರು ಗೊಣಗಿದ್ದರಲ್ಲಿ ತಪ್ಪಿಲ್ಲ, ಕೆಲಸ ಮುಗಿದ ಮೇಲೂ ಒಂದೇ ಜಾಗದಲ್ಲಿ ನಿಂತರೆ ಅಪಾಯ ಇದ್ದೇ ಇದೆ. ಹಾಗಾಗಿ ಆ ಒಂದು ಗಂಟೆಯನ್ನು ಬೆಳಿಗ್ಗೆಯೇ ಲೆಕ್ಕಕ್ಕೆ ಹಿಡಿದು ಕಾರ್ಡನ್ನನ್ನು ಅದಕ್ಕೆ ತಕ್ಕ ಹಾಗೆ ಹಾಕುತ್ತಿದ್ದೆವು. ಕೆಲವು ಸಲ ಪಾತ್ರೆ ಒಡೆದಿದೆ, ಬೀಗ ಮುರಿದಿದೆ ಅಂತ ಬರೆಸಿದ್ದೂ ಉಂಟು. ಮೇಲಿನವರಿಗೆ ಅದು ಇಷ್ಟವಾಗುತ್ತಿರಲಿಲ್ಲ. ದುಡ್ಡು ಕೊಡಿಸೋದಂತೂ ಇನ್ನೂ ಕಷ್ಟ. ಎರಡು ಸಲ ನಾವೇ ಪ್ಲಟೂನಿನವರು ಸೇರಿಸಿ ಕೊಟ್ಟೆವು.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ದಿನಕ್ಕೆ ಬರುತ್ತೇನೆ.

ರಸ್ತೆ ತೆರೆಯುವ ಡ್ಯೂಟಿಯಲ್ಲಿದ್ದಾಗ, ಅಂದರೆ ಗಾಡಿಗಳು ಹೋಗೋ ಮುಂಚೆ ರಸ್ತೆ ತಪಾಸಣೆ ಮಾಡುವಾಗ, ಐಇಡಿ ಅನ್ನುವ ಅಡಗಿಸಿಟ್ಟ ಬಾಂಬ್ ಸಿಡಿದು ನಮ್ಮ ಹುಡುಗನೊಬ್ಬನ ಎಡಗಾಲು ಪಾದದ ಮೇಲಿನಿಂದ ಹೋಯಿತು. ಹೆಲಿಕಾಪ್ಟರಿನಲ್ಲಿ ಕಳಿಸಿದೆವು. ಅದೇ ರಾತ್ರಿ ಹುಕುಂ ಬಂತು: ಪಕ್ಕದ ಹಳ್ಳಿಯಲ್ಲಿ ಬೆಳಿಗ್ಗೆ ಹುಡುಕಾಟ. ಸೈನ್ಯದ ಲೆಕ್ಕದಲ್ಲಿ ಸರಿಯಾದ ಹುಕುಂ, ತಡ ಮಾಡಿದರೆ ಸುಳಿವು ತಪ್ಪುತ್ತದೆ. ಆದರೆ ನಾನು ಲಂಗರಿನಲ್ಲಿ, ಅಂದರೆ ಊಟದ ಜಾಗದಲ್ಲಿ, ಹುಡುಗರ ಮುಖ ನೋಡಿದೆ. ದಾಲ್ ಹಾಗೇ ಇತ್ತು, ರೊಟ್ಟಿ ಹಾಗೇ ಇತ್ತು. ಯಾರೂ ಮಾತಾಡುತ್ತಿರಲಿಲ್ಲ. ಜಗಳವಾಡುವ ಹುಡುಗರಿಗೆ ನಾನು ಹೆದರುವುದಿಲ್ಲ. ಊಟ ಬಿಟ್ಟು ರೈಫಲ್ ಒರೆಸುತ್ತಾ ಕೂತವರಿಗೆ ಹೆದರುತ್ತೇನೆ.

ಕಂಪನಿ ಕಮಾಂಡರ್ ಮೇಜರ್ ಸಾಹೇಬರ ಹತ್ತಿರ ಹೋದೆ. “ಸಾಬ್, ನಾಳೆ ನನ್ನ ಪ್ಲಟೂನ್ ಬೇಡ” ಅಂದೆ. ಅವರು ಬೇರೆ ಜನ ಇಲ್ಲ ಅಂದರು. ನಿಜವಾಗಿಯೂ ಇರಲಿಲ್ಲ, ಅರ್ಧ ಕಂಪನಿ ಬೇರೆ ಕಡೆ ಇತ್ತು. ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಇದು ನಾನು ಕಲಿತ ಒಂದು ಉಪಾಯ: ಇಲ್ಲ ಅಂದಾಗ ವಾದ ಮಾಡಬೇಡಿ, ಅಲ್ಲೇ ನಿಲ್ಲಿ. ಆಮೇಲೆ ಅವರೇ “ಏನು ಬೇಕು ನಿಮಗೆ?” ಅಂದರು. ಮನೆಗಳ ಒಳಗೆ ಇನ್ನೊಂದು ಪ್ಲಟೂನಿನವರು ಹೋಗಲಿ, ನಮ್ಮವರು ಹೊರಗಿನ ಕಾರ್ಡನ್ನಿನಲ್ಲಿ ನಿಲ್ಲಲಿ ಅಂದೆ. ಪೂರ್ತಿ ಆಗಲ್ಲ, ನಿಮ್ಮದೊಂದು ಸೆಕ್ಷನ್, ಅಂದರೆ ಹತ್ತು ಜನರ ಗುಂಪು, ಒಳಗೆ ಬೇಕೇ ಬೇಕು ಅಂದರು. ಅಲ್ಲಿಗೆ ಒಪ್ಪಿಗೆಯಾಯಿತು. ಯಾವ ಸೆಕ್ಷನ್, ಯಾರು ಯಾರು, ಅದನ್ನು ನನಗೆ ಬಿಟ್ಟರು.

ರಾತ್ರಿ ಹತ್ತರಿಂದ ಹನ್ನೊಂದರವರೆಗೆ ಪಟ್ಟಿ ಮಾಡಿದೆ. ಕಾಲು ಕಳೆದುಕೊಂಡವನ ಬಡ್ಡಿ, ಅಂದರೆ ಜೊತೆಗಾರ, ನಮ್ಮಲ್ಲಿ ಎಲ್ಲರಿಗಿಂತ ಚುರುಕಿನ ಹುಡುಗ. ಬೇರೆ ದಿನವಾಗಿದ್ದರೆ ಮೊದಲ ಹೆಸರು ಅವನದೇ. ಅವನನ್ನು ಹೊರಗಿನ ಕಾರ್ಡನ್ನಿಗೆ, ಅದೂ ಹಳ್ಳಿಗೆ ಬೆನ್ನು ಹಾಕಿ ನಿಲ್ಲುವ ಜಾಗಕ್ಕೆ ಹಾಕಿದೆ. ಗಾಯಾಳುವನ್ನು ಎತ್ತಿಕೊಂಡು ಬಂದ ಮೂವರನ್ನೂ ಹೊರಗೆ ಹಾಕಿದೆ. ರಜೆಯ ಅರ್ಜಿ ತಿರಸ್ಕಾರವಾಗಿದ್ದ ಒಬ್ಬನಿದ್ದ, ಊರಲ್ಲಿ ಜಮೀನಿನ ಜಗಳ, ಅವನನ್ನೂ ಹೊರಗೆ. ಒಳಗೆ ಹೋಗುವವರಲ್ಲಿ ಮದುವೆಯಾಗಿ ಮಕ್ಕಳಿದ್ದವರು ಜಾಸ್ತಿ. ಇದೇನು ಶಾಸ್ತ್ರ ಅಲ್ಲ, ನನ್ನ ಅಂದಾಜು. ಆದರೆ ಈ ಅಂದಾಜಿಗೆ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಿರಬೇಕು. ಅದಕ್ಕೇ ದಿನಾ ಸಂಜೆ ಗಿಣತಿ, ಅಂದರೆ ಹಾಜರಿ, ಆದ ಮೇಲೆ ಸುಮ್ನೆ ಹರಟೆ ಹೊಡೆಯುತ್ತಿದ್ದೆ. ಹರಟೆ ಅಂದುಕೊಂಡಿದ್ದರು ಅವರು.

ಬಡ್ಡಿ ಹುಡುಗ ಪಟ್ಟಿ ಕೇಳಿ ನನ್ನ ಹತ್ತಿರ ಬಂದ. ಕಣ್ಣು ಕೆಂಪಗಿತ್ತು. “ಸಾಬ್, ನನ್ನ ಮೇಲೆ ನಂಬಿಕೆ ಇಲ್ವಾ?”

“ನಿನ್ನ ಮೇಲಿದೆ. ನಾಳೆಯ ದಿನದ ಮೇಲಿಲ್ಲ.”

ಅವನು ಸೆಲ್ಯೂಟ್ ಹೊಡೆದು ಹೋದ. ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಹೊರಡುವ ಮುಂಚೆ ನಾನು ಭಾಷಣ ಮಾಡಲಿಲ್ಲ. ಮೂರು ಮಾತು ಹೇಳಿದೆ. ಮನೆಯವನು ಜೊತೆಗಿಲ್ಲದೆ ಒಳಗೆ ಕಾಲಿಡಬೇಡಿ. ಹೆಂಗಸರ ತಪಾಸಣೆ ಮಹಿಳಾ ಪೊಲೀಸರದು, ನಿಮ್ಮ ಕೈ ಅಲ್ಲಿಗೆ ಹೋಗಬಾರದು. ಯಾರನ್ನು ಹಿಡಿದರೂ ನೇರ ನನ್ನ ಹತ್ತಿರ ತನ್ನಿ. ಇವು ನನ್ನ ಸ್ವಂತ ನಿಯಮಗಳಲ್ಲ. ಮಾಡಬೇಕಾದ್ದು, ಮಾಡಬಾರದ್ದು ಅಂತ ಸೈನ್ಯದ್ದೇ ಒಂದು ಪಟ್ಟಿ ಇದೆ, ಅದನ್ನು ಪಾಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಹಿಡಿದವರನ್ನು ತಡ ಮಾಡದೆ ಹತ್ತಿರದ ಠಾಣೆಗೆ ಒಪ್ಪಿಸಬೇಕು ಅನ್ನೋದು ಅಲ್ಲಿ ಸೈನ್ಯಕ್ಕೆ ವಿಶೇಷಾಧಿಕಾರ ಕೊಡುವ ಕಾನೂನಿನಲ್ಲೇ (ಆಫ್ಸ್ಪಾ) ಇದೆ. ಜವಾನನ ಜೇಬಿನಲ್ಲಿ ಇದರ ಕಾರ್ಡ್ ಇರುತ್ತದೆ. ಆದರೆ ಜೇಬಿನಲ್ಲಿದ್ದದ್ದು ಸಿಟ್ಟು ಬಂದಾಗ ನೆನಪಿಗೆ ಬರೋದಿಲ್ಲ. ಬಾಯಲ್ಲಿ ಹೇಳಿಸಬೇಕು. ನಾನು ಪ್ರತಿಯೊಬ್ಬನಿಂದಲೂ ಹೇಳಿಸಿದೆ, ನರ್ಸರಿ ಮಕ್ಕಳ ಹಾಗೆ.

ಬೆಳಿಗ್ಗೆ ಸುಮಾರು ಹನ್ನೊಂದು ಗಂಟೆಗೆ ಅಕ್ರೋಟ್ ತೋಪಿನ ಕಡೆಯಿಂದ ಒಬ್ಬ ಹುಡುಗ ಓಡಿದ. ಹದಿನಾರು ಹದಿನೇಳಿರಬೇಕು. ಮೈಮೇಲೆ ಫಿರನ್, ಕಾಶ್ಮೀರದವರ ಸಡಿಲ ನಿಲುವಂಗಿ, ಒಳಗೆ ಏನಿದೆಯೋ ಕಾಣುವುದಿಲ್ಲ. ನಮ್ಮವರು ಇಬ್ಬರು ಅಟ್ಟಿಸಿಕೊಂಡು ಹೋಗಿ ಕೆಡವಿದರು. ಕೈ ಎರಡೂ ಹೊರಗೆ ತೆಗೆಸಿ ನೋಡಿದ್ದಾಯಿತು, ಆಯುಧ ಇಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮವನೊಬ್ಬ ಹೊಡೆಯಲು ರೈಫಲಿನ ಬಟ್, ಅಂದರೆ ಅದರ ಹಿಂಬದಿ, ಮೇಲಕ್ಕೆತ್ತಿದ. ನಾನು ಮೂವತ್ತು ಹೆಜ್ಜೆ ದೂರದಲ್ಲಿದ್ದೆ, ಓಡಿದರೂ ಮುಟ್ಟುತ್ತಿರಲಿಲ್ಲ. ಅವರ ಸೆಕ್ಷನ್ ಕಮಾಂಡರ್ ಹವಾಲ್ದಾರ್ “ಏಯ್, ನಿಲ್ಲು” ಅನ್ನಲಿಲ್ಲ. ಬಟ್ ಎತ್ತಿದವನ ಹೆಸರು, ಅವನಪ್ಪನ ಹೆಸರು, ಅವನ ಊರು, ಮೂರೂ ಸೇರಿಸಿ ಗಟ್ಟಿಯಾಗಿ ಕೂಗಿದ. ಬಟ್ ಅಲ್ಲೇ ನಿಂತಿತು. ಆಮೇಲೆ ನಿಧಾನಕ್ಕೆ ಕೆಳಗೆ ಬಂತು.

ಇದು ನಮ್ಮ ಹಳೆಯ ಸುಬೇದಾರರೊಬ್ಬರು ಕಲಿಸಿದ್ದು. ಸಿಟ್ಟಿನಲ್ಲಿರುವವನು ತಾನು ಯಾರು ಅನ್ನೋದನ್ನು ಮರೆತಿರುತ್ತಾನೆ, ಅಪ್ಪನ ಹೆಸರು ಹಿಡಿದು ಕರೀರಿ ಅನ್ನುತ್ತಿದ್ದರು. ನಾನೂ ನನ್ನ ಹವಾಲ್ದಾರರಿಗೆಲ್ಲ ಅದನ್ನೇ ಹೇಳಿಕೊಟ್ಟಿದ್ದೆ. ನಾಲ್ಕು ಸೆಕೆಂಡ್ ಸಿಕ್ಕರೆ ಸಾಕಾಗುತ್ತದೆ. ಆ ಹುಡುಗನನ್ನು ಮಧ್ಯಾಹ್ನವೇ ಕಾಗದಪತ್ರ ಸಮೇತ ಪೊಲೀಸರಿಗೆ ಒಪ್ಪಿಸಿದೆವು. ಬಟ್ ಎತ್ತಿದವನನ್ನು ಅಂದು ಬೈಯಲಿಲ್ಲ. ಮರುದಿನ ಕರೆದು ಬೈದೆ, ಮತ್ತು ಮೇಜರ್ ಸಾಹೇಬರಿಗೂ ಹೇಳಿದೆ. ಸೀಮೆಎಣ್ಣೆಯ ಪಾಠ ನೆನಪಿತ್ತು.

ಮತ್ತೆ ನಮ್ಮ ಮನೆಗೆ ಬಂದ ಆ ಹುಡುಗನ ಪ್ರಶ್ನೆಗೆ ಬಂದರೆ, ಆರ್ಮಿ ಆಕ್ಟ್ 1950ರ 41ನೇ ಸೆಕ್ಷನ್ ಆಜ್ಞೆ ಮೀರಿದವನಿಗೆ ಶಿಕ್ಷೆ ಹೇಳುತ್ತದೆ. ಆದರೆ ಅಲ್ಲಿರುವ ಮಾತು “ಕಾನೂನುಬದ್ಧ ಆಜ್ಞೆ”. ಆ ಒಂದು ವಿಶೇಷಣ ಸುಮ್ನೆ ಇಟ್ಟಿದ್ದಲ್ಲ. ಅದನ್ನು ನಾನು ಜವಾನರಿಗೆ ಓದಿ ಹೇಳುತ್ತಿದ್ದೆ. ಕಾನೂನಿಗಿಂತ ಕಥೆ ಬೇಗ ಹತ್ತುತ್ತದೆ ಅಂತ ಕಥೆಗಳನ್ನೂ ಹೇಳುತ್ತಿದ್ದೆ. 1965ರಲ್ಲಿ ನಮ್ಮ ಕೊಡಗಿನ ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದ ಕೈಗೆ ಸಿಕ್ಕಿಬಿದ್ದಾಗ ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಳೆಯ ಪರಿಚಯದ ಮೇಲೆ ಸಹಾಯ ಮಾಡಲು ಮುಂದೆ ಬಂದರು. ಎಲ್ಲ ಕೈದಿಗಳೂ ನನ್ನ ಮಕ್ಕಳೇ, ಇವನಿಗೆ ಬೇರೆ ಮರ್ಯಾದೆ ಬೇಡ ಅಂತ ಕಾರ್ಯಪ್ಪ ಹೇಳಿ ಕಳಿಸಿದರು. 1999ರಲ್ಲಿ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್‌ನಲ್ಲಿ ಸತ್ತ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಅನ್ನೋದು ಹುದ್ದೆಯಲ್ಲ, ಅವನ ಹೆಸರೇ) ಎಷ್ಟು ಧೈರ್ಯವಾಗಿ ಹೋರಾಡಿದ ಅಂತ ನಮ್ಮ ಬ್ರಿಗೇಡಿಯರ್ ಬಾಜ್ವಾ ಚೀಟಿ ಬರೆದು ಶವದ ಜೇಬಿನಲ್ಲಿಟ್ಟು ಕಳಿಸಿದರು. ಅವನಿಗೆ ಅವರ ದೇಶ ಅಲ್ಲಿನ ಅತಿ ದೊಡ್ಡ ಶೌರ್ಯ ಪದಕ ನಿಶಾನ್-ಎ-ಹೈದರ್ ಕೊಟ್ಟಿತು. ಈ ಎರಡನೇ ಕಥೆ ಹೇಳಿದಾಗ ಹುಡುಗರು ಯಾವಾಗಲೂ ಒಂದು ಕ್ಷಣ ಮಾತಿಲ್ಲದೆ ಕೂರುತ್ತಿದ್ದರು.

ಕೊನೆಯದು ಸಣ್ಣದು. ಸುಬೇದಾರ್ ಆದ ಮೇಲೆ ಒಬ್ಬ ಹೊಸ ಲೆಫ್ಟಿನೆಂಟ್ ಜೊತೆ ಗಸ್ತು ಹೋಗಿದ್ದೆ. ಹಿಮ ತೊಡೆಯವರೆಗೆ. ಮುಟ್ಟಬೇಕಾದ ಜಾಗಕ್ಕೆ ಇನ್ನೂ ಎರಡು ಕಿಲೋಮೀಟರ್ ಇರುವಾಗ ಬೆಳಕು ಹೋಗುವುದರಲ್ಲಿತ್ತು. ವಾಪಸ್ ತಿರುಗಿದೆವು, ಅದು ಸರಿಯಾದ ನಿರ್ಧಾರವೇ. ಪೋಸ್ಟಿಗೆ ಬಂದ ಮೇಲೆ ಸಾಹೇಬರು ರೆಜಿಸ್ಟರ್ ಮುಂದೆ ಪೆನ್ನು ಹಿಡಿದು ಕೂತರು. “ಸಾಬ್, ಮುಟ್ಟಿದೆವು ಅಂತ ಬರೆದುಬಿಡೋಣವಾ? ಯಾರು ನೋಡ್ತಾರೆ?” ಅಂದರು. ಕೆಟ್ಟ ಹುಡುಗ ಅಲ್ಲ. ಮೊದಲ ಪೋಸ್ಟಿಂಗ್, ಪಲ್ಟಣದ ಮುಖ್ಯಸ್ಥರಾದ ಸಿಒ ಸಾಹೇಬರ ಹೆದರಿಕೆ.

ಪ್ರಾಮಾಣಿಕತೆಯ ಮಾತು ನಾನು ಎತ್ತಲಿಲ್ಲ. ಡೆಹ್ರಾಡೂನಿನ ಅಕಾಡೆಮಿಯ ಚೆಟ್ವುಡ್ ಹಾಲಿನಲ್ಲಿ ದೇಶ ಮೊದಲು, ನಿನ್ನ ಜನ ಆಮೇಲೆ, ನೀನು ಕೊನೆಗೆ ಅಂತ ಕೆತ್ತಿದ್ದನ್ನು ಅವರು ಓದಿಯೇ ಬಂದಿರುತ್ತಾರೆ, ನಾನೇನು ಹೊಸದು ಹೇಳೋದು? ನಕ್ಷೆ ತೆಗೆದು ತೋರಿಸಿದೆ. “ಸಾಬ್, ನಾಳೆ ಯಾರೋ ಈ ರೆಜಿಸ್ಟರ್ ನೋಡಿ ದಾರಿ ತೆರೆದಿದೆ ಅಂದುಕೊಂಡು ಹತ್ತು ಜನರನ್ನು ಕಳಿಸುತ್ತಾರೆ. ಈ ಇಳಿಜಾರಿನ ಹಿಮ ನೀವೂ ನೋಡಿದ್ದೀರಿ.” ಅವರು ನಕ್ಷೆ ನೋಡಿದರು, ನನ್ನನ್ನು ನೋಡಿದರು. ತಿರುಗಿದ ಜಾಗದ ಗ್ರಿಡ್, ಹೊತ್ತು, ಕಾರಣ ಎಲ್ಲ ಬರೆದರು. ಮರುದಿನ ರೇಡಿಯೋದಲ್ಲಿ ಚೆನ್ನಾಗಿ ಬೈಸಿಕೊಂಡರು. ಕಿವಿ ಕೆಂಪಗಾಗಿತ್ತು.

ಸಂಜೆ ನನ್ನ ಬಂಕರಿಗೆ ಎರಡು ಮಗ್ ಚಹಾ ಹಿಡಿದು ಬಂದರು. ಚಳಿ ಕಾಯಿಸುವ ಒಲೆ ಬುಖಾರಿಯ ಪಕ್ಕ ಕೂತು ಒಂದು ಮಗ್ ನನಗೆ ಕೊಟ್ಟರು. ತುಂಬ ಹೊತ್ತು ಏನೂ ಮಾತಾಡಲಿಲ್ಲ. ಏಳುವಾಗ ಅಂದರು: “ಸಾಬ್, ಮುಂದಿನ ಸಲ ಒಂದು ಗಂಟೆ ಮುಂಚೆ ಹೊರಡೋಣ.”