ಸುಣ್ಣದ ಕಲ್ಲು ಎಷ್ಟು ಕರೆಂಟ್ ಕುಡಿಯುತ್ತೆ? ಶೆಡ್ಡಿನಲ್ಲೇ ಅಳೆಯುವ ಕ್ರಮ

ಕೊಡಗಿನ ತೋಟದ ಮಣ್ಣು ಹುಳಿ. ಮಳೆಗೆ ಕ್ಯಾಲ್ಸಿಯಂ ಬಸಿದು ಹೋಗುತ್ತಲೇ ಇರುತ್ತದೆ, ಸುಣ್ಣ ಹಾಕದೆ ಗತಿಯಿಲ್ಲ. ಹಾಕುವ ಸುಣ್ಣದ ಕಲ್ಲು ನುಣ್ಣಗಿದ್ದರಷ್ಟೇ ಬೇಗ ಕೆಲಸ ಮಾಡುತ್ತದೆ. ಎರಡು ಮಿಲಿಮೀಟರ್ ದಪ್ಪದ ಹರಳು ವರ್ಷಗಟ್ಟಲೆ ಗಿಡದ ಬುಡದಲ್ಲಿ ಹಾಗೇ ಬಿದ್ದಿರುತ್ತದೆ. ನುಣ್ಣಗೆ ಮಾಡಲು ಕರೆಂಟ್ ಬೇಕು.

ನಮ್ಮಕ್ಕನ ಮಗ ಕೂಡ್ಲೂರಲ್ಲಿ ಕಲ್ಲು ಪುಡಿ ಮಾಡುವ ಸಣ್ಣ ಘಟಕ ಹಾಕುವ ಯೋಚನೆಯಲ್ಲಿದ್ದಾನೆ. ಹೋದ ತಿಂಗಳು ಬಾಗಲಕೋಟೆ ಕಡೆಯ ಕಲ್ಲು ಒಂದು ಚೀಲ ತಂದು ಸೋಮವಾರಪೇಟೆಯ ನಮ್ಮ ಮನೆ ಮುಂದೆ ಇಳಿಸಿದ. "ಮಾವ, ಚಾಕುವಲ್ಲಿ ಸುಲಭವಾಗಿ ಗೀರು ಬೀಳುತ್ತೆ. ಮೆತ್ತಗಿನ ಕಲ್ಲು ತಾನೆ?" ಅಂದ. ಅಲ್ಲಪ್ಪ, ಗೀರುವುದು ಬೇರೆ, ನುರಿಯುವುದು ಬೇರೆ. ಒಳ್ಳೆಯ ಸುಣ್ಣದ ಕಲ್ಲಿಗೆಲ್ಲ ಚಾಕುವಲ್ಲಿ ಗೀರು ಬಿದ್ದೇ ಬೀಳುತ್ತದೆ. ಕಣ ಎಷ್ಟು ಸಣ್ಣದು, ಒಂದಕ್ಕೊಂದು ಹೇಗೆ ಕಚ್ಚಿಕೊಂಡಿವೆ, ನಡುವೆ ಬೆಣಚು ಕಲ್ಲಿನ ಎಳೆ ಇದೆಯಾ, ಇವೆಲ್ಲ ಸೇರಿ ಮಿಲ್ಲಿನೊಳಗೆ ಅದರ ಹಣೆಬರಹ ಬರೆಯುತ್ತವೆ.

ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ 22 ವರ್ಷ ನಾನು ಅಳೆಯುತ್ತಿದ್ದದ್ದು ಬಾಂಡ್ ವರ್ಕ್ ಇಂಡೆಕ್ಸ್, ಅಂದರೆ ಕಲ್ಲು ಅರೆಯಲು ಎಷ್ಟು ಶಕ್ತಿ ಬೇಕೆಂದು ಹೇಳುವ ಅಂಕಿ. ಅಮೆರಿಕದ ಫ್ರೆಡ್ ಬಾಂಡ್ 1952ರಲ್ಲಿ ಕೊಟ್ಟ ಸೂತ್ರದ ಮೇಲೆ ನಿಂತ ಅಳತೆ ಅದು. ಅದರ ಪೂರ್ತಿ ಪರೀಕ್ಷೆಗೆ 305 ಮಿ.ಮೀ. ಅಗಲ, ಅಷ್ಟೇ ಉದ್ದದ ಮಿಲ್ಲು, ಎಲ್ಲ ಸೇರಿ ಸುಮಾರು 20 ಕೆಜಿ ತೂಗುವ 285 ಉಕ್ಕಿನ ಗುಂಡು, ನಿಮಿಷಕ್ಕೆ 70 ಸುತ್ತು ಬೇಕು. ಅರೆದು, ಜರಡಿ ಹಿಡಿದು, ಹೊಸ ಕಲ್ಲು ಸೇರಿಸಿ, ಮತ್ತೆ ಅರೆದು, ಲೆಕ್ಕ ಒಂದು ಕಡೆ ನಿಲ್ಲುವವರೆಗೆ ಬಿಡುವಂತಿಲ್ಲ. ಮನೆಯಲ್ಲಿ ಅದು ಆಗದ ಮಾತು. ಆದರೆ ಇಂಡೆಕ್ಸ್ ಗೊತ್ತಿರುವ ಒಂದು ಕಲ್ಲು ಕೈಲಿದ್ದರೆ ಹೋಲಿಕೆ ವಿಧಾನ ಸಾಕು. ಗುಂಡು ತುಂಬಿ ತಿರುಗಿಸುವ ಡ್ರಮ್ಮು, ಅಂದರೆ ಬಾಲ್ ಮಿಲ್ಲು, ಯಾವ ಅಳತೆಯದಾದರೂ ನಡೆಯುತ್ತದೆ. ನನ್ನ ಹತ್ತಿರ 11.5 ಇಂಡೆಕ್ಸಿನ ಕಲಬುರಗಿ ಕಲ್ಲು ಒಂದು ಡಬ್ಬಿ ಇತ್ತು.

ಮೊದಲು ಮಾದರಿ. ಚೀಲದ ಮೇಲಿನಿಂದ ನಾಲ್ಕು ಹಿಡಿ ತೆಗೆದರೆ ಅದು ಆ ಕಲ್ಲಿನ ಮಾದರಿ ಆಗುವುದಿಲ್ಲ. ಕಬ್ಬಿಣದ ಒರಳಲ್ಲಿ ಕುಟ್ಟಿ, 3.35 ಮಿ.ಮೀ. ಜರಡಿ ಹಿಡಿದು, ಮೇಲೆ ಉಳಿದದ್ದನ್ನು ಮಾತ್ರ ಮತ್ತೆ ಕುಟ್ಟಬೇಕು. ಒಂದೇ ಸಲ ಎಲ್ಲವನ್ನೂ ಚಚ್ಚಿದರೆ ಹಿಟ್ಟು ಜಾಸ್ತಿಯಾಗಿ ಮಿಲ್ಲಿಗೆ ಹೋಗುವ ಮೊದಲೇ ಲೆಕ್ಕ ಕೆಡುತ್ತದೆ. ಕಾಫಿ ಒಣಗಿಸುವ ಕಣವನ್ನು ಚೆನ್ನಾಗಿ ಗುಡಿಸಿ, ಟಾರ್ಪಲ್ ಹಾಸಿ, ಅದರ ಮೇಲೆ ಪುಡಿಯನ್ನು ಗುಡ್ಡೆ ಹಾಕಿ, ತಟ್ಟಿ, ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದದ್ದನ್ನು ಬಿಡಿ. ಬೇಕಾದಷ್ಟಕ್ಕೆ ಇಳಿಯುವವರೆಗೆ ಹೀಗೇ ಮಾಡಿ.

ಆಮೇಲೆ ಒಣಗಿಸುವುದು. ನಾನು ಎಡವಿದ್ದು ಇಲ್ಲೇ. ಕಕ್ಕಡ ತಿಂಗಳ ಮಳೆ, ಗೋಡೆಯೇ ಬೆವರುತ್ತಿತ್ತು. ಕಲ್ಲು ನೋಡಲು ಒಣಗಿದಂತಿತ್ತು, ಹಾಗೇ ಮಿಲ್ಲಿಗೆ ಹಾಕಿದೆ. ತೆಗೆದರೆ ಹಿಟ್ಟು ಗುಂಡುಗಳಿಗೆ ಮೆತ್ತಿಕೊಂಡು ಬೂದು ಬಣ್ಣದ ಸಿಪ್ಪೆ ಕಟ್ಟಿತ್ತು. 75 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಜರಡಿ ಬೆಳಕಿಗೆ ಹಿಡಿದು ನೋಡಿದೆ. ಜರಡಿಯ ಕಣ್ಣುಗಳೆಲ್ಲ ಮುಚ್ಚಿ, ಅಲ್ಲೊಂದು ಇಲ್ಲೊಂದು ಚುಕ್ಕೆಯಲ್ಲಿ ಮಾತ್ರ ಬೆಳಕು ಬರುತ್ತಿತ್ತು. ಇಂಡೆಕ್ಸ್ 13ರ ಮೇಲೆ ಹೋಯಿತು, ಪೂರಾ ಸುಳ್ಳು ಅಂಕಿ. ಓವನ್ನಿನಲ್ಲಿ 105 ಡಿಗ್ರಿಯಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಬಿಸಿ ಆರಿಸುವಾಗಲೂ ಮುಚ್ಚಳ ಬಿಗಿ ಇರಲಿ.

ಈಗ ಅರೆಯುವುದು. ಎರಡೂ ಕಲ್ಲನ್ನು ಒಂದೇ ತೂಕ ತೆಗೆದುಕೊಳ್ಳಿ. ನನ್ನ ಮಿಲ್ಲಿಗೆ 2 ಕೆಜಿ. ಅವೇ ಗುಂಡು, ಅಷ್ಟೇ ಸುತ್ತು. ಗಡಿಯಾರ ನೋಡಿ ನಿಲ್ಲಿಸಬೇಡಿ, ಸುತ್ತು ಎಣಿಸಿ. ಮಳೆಗಾಲದಲ್ಲಿ ನಮ್ಮ ವೋಲ್ಟೇಜ್ ಬಿದ್ದಾಗ ಮೋಟಾರು ನಿಧಾನವಾಗುತ್ತದೆ, ಇವತ್ತಿನ 20 ನಿಮಿಷ ನಾಳೆಯ 20 ನಿಮಿಷ ಅಲ್ಲ. ನಾನು ಶಾಫ್ಟಿಗೆ ಒಂದು ಕೌಂಟರ್ ಕಟ್ಟಿದ್ದೇನೆ.

ಹಾಕುವ ಮುಂಚೆ ಒಮ್ಮೆ, ತೆಗೆದ ಮೇಲೆ ಒಮ್ಮೆ ಜರಡಿ ಹಿಡಿದು, ನೂರಕ್ಕೆ 80 ಭಾಗ ಯಾವ ಅಳತೆಯ ಕಣ್ಣಿನಲ್ಲಿ ಇಳಿಯುತ್ತದೆ ಎಂದು ಗ್ರಾಫಿನಲ್ಲಿ ಗುರುತಿಸಿ. ಹಾಕುವಾಗ ಎರಡೂ 2500 ಮೈಕ್ರಾನ್ ಇತ್ತು. ತೆಗೆದಾಗ ಕಲಬುರಗಿಯದು 123, ಬಾಗಲಕೋಟೆಯದು 100. ಇನ್ನು ಲೆಕ್ಕ: 10ನ್ನು ಆ ಅಳತೆಯ ವರ್ಗಮೂಲದಿಂದ ಭಾಗಿಸಿ. 2500ಕ್ಕೆ 0.2, 123ಕ್ಕೆ 0.9, 100ಕ್ಕೆ 1. ಹಾಕಿದ್ದನ್ನು ತೆಗೆದದ್ದರಿಂದ ಕಳೆದರೆ ಕಲಬುರಗಿಗೆ 0.7, ಬಾಗಲಕೋಟೆಗೆ 0.8. ಗೊತ್ತಿರುವ 11.5ನ್ನು 0.7ರಿಂದ ಗುಣಿಸಿ 0.8ರಿಂದ ಭಾಗಿಸಿದರೆ ಸುಮಾರು 10.1. ಅಂಕಿ ಕಮ್ಮಿಯಾದಷ್ಟೂ ಅರೆಯುವುದು ಸುಲಭ.

ಇದನ್ನು ಕರೆಂಟಿಗೆ ತಿರುಗಿಸುವುದೂ ಕಷ್ಟವಿಲ್ಲ. 2.5 ಮಿ.ಮೀ.ನಿಂದ 100 ಮೈಕ್ರಾನಿಗೆ ಇಳಿಸಲು 10.1ನ್ನು 0.8ರಿಂದ ಗುಣಿಸಿ: ಟನ್ನಿಗೆ ಸುಮಾರು 8 ಯೂನಿಟ್. ಇದು ನೀರು ಸೇರಿಸಿ ಅರೆಯುವ ಲೆಕ್ಕ; ಒಣದಾಗಿ ಅರೆಯುವುದಾದರೆ 1.3 ಪಟ್ಟು ಮಾಡಿ, ಹತ್ತೂವರೆ. ಕಲಬುರಗಿ ಕಲ್ಲಿಗೆ ಇದೇ ಲೆಕ್ಕದಲ್ಲಿ ಹನ್ನೆರಡು.

ಯಾರಾದರೂ ಹಾರ್ಡ್‌ಗ್ರೋವ್ ಅಂಕಿ ತಂದರೆ ಹುಷಾರು. ಕಲ್ಲಿದ್ದಲಿಗೆಂದು ಬಂದ ಆ ಪರೀಕ್ಷೆಯಲ್ಲಿ 50 ಗ್ರಾಂ ಮಾದರಿಯನ್ನು 60 ಸುತ್ತು ಅರೆಯುತ್ತಾರೆ. ಅಲ್ಲಿ ಅಂಕಿ ಜಾಸ್ತಿಯಾದಷ್ಟೂ ಸುಲಭ, ಇಲ್ಲಿಗೆ ತದ್ವಿರುದ್ಧ.

ಒಂದೊಂದು ಕಲ್ಲಿಗೂ ಮೂರು ಸಲ ಮಾಡಿ. ಮೂರೂ ಹತ್ತಿರ ಬಾರದಿದ್ದರೆ ಮತ್ತೆ ಮಾದರಿಯಿಂದಲೇ ಶುರು ಮಾಡಿ. ಹುಡುಗನಿಗೆ 10.1 ಅಂತ ಹೇಳಿದ ಕೂಡಲೇ ಲಾರಿ ಬುಕ್ ಮಾಡಲು ಹೊರಟ. ತಡೆದೆ. ಜೇಡಿ ಬೆರೆತ ಕಲ್ಲೂ ಸುಲಭಕ್ಕೆ ನುರಿಯುತ್ತದೆ, ತೋಟಕ್ಕೆ ಮಾತ್ರ ಅದರಿಂದ ಅಷ್ಟು ಪ್ರಯೋಜನವಿಲ್ಲ. ಆ್ಯಸಿಡ್‌ನಲ್ಲಿ ಕರಗಿಸಿ ಎಷ್ಟು ಕಸ ಉಳಿಯುತ್ತದೆ ನೋಡಬೇಕು. ನಾಳೆಯ ಕೆಲಸ ಅದು.