ಗಾಳಿ ಬಿದ್ದ ಸಂಜೆ ಬರುವ ಜಿಗಿಹುಳು

ನಮ್ಮದು ಮಲೇಬೆನ್ನೂರು ಕಡೆ, ಭದ್ರಾ ನಾಲೆಯ ಕೊನೆ ಭಾಗ. ಮೇಲಿನ ಊರುಗಳಲ್ಲಿ ನಾಟಿ ಮುಗಿದು ಮೂರು ವಾರವಾದ ಮೇಲೆ ನಮ್ಮ ಗದ್ದೆಗೆ ನೀರು ಮುಟ್ಟುತ್ತದೆ. ಅವರ ಭತ್ತ ಹಾಲುಗಾಳು ಕಟ್ಟುವಾಗ ನಮ್ಮದು ಇನ್ನೂ ಎಳೇ ಹಸಿರು. ಭತ್ತದ ಬುಡದಲ್ಲಿ ಕೂತು ರಸ ಹೀರುವ ಕಂದು ಜಿಗಿಹುಳುವಿಗೆ ಬೇಕಾಗಿರುವುದು ಅದೇ ಎಂದು ನನಗೆ ತಿಳಿದದ್ದು ಎರಡು ಎಕರೆ ಸೋನಾ ಭತ್ತ ಕಳೆದುಕೊಂಡ ಮೇಲೆ.

ಆ ವರ್ಷ ವಿಶಾಖೆ ಮಳೆ ಹೊತ್ತಿಗೆ ಗದ್ದೆಯ ನಡುವೆ ಕಣದಗಲ ಜಾಗ ಹಳದಿಗಟ್ಟಿತು. ವಾರದಲ್ಲಿ ಬೆಂಕಿ ಬಿದ್ದ ಹಾಗೆ ಒಣಗಿ, ಸುತ್ತಲೂ ಹಬ್ಬಿತು. ಅಂಗಡಿಯವರು ಕೊಟ್ಟ ಪೈರೆಥ್ರಾಯ್ಡ್ ಔಷಧಿಯನ್ನು ಎರಡು ಸಲ ಹೊಡೆದೆ. ಹುಳು ಇನ್ನೂ ಹೆಚ್ಚಾಯಿತು. ಆ ಔಷಧಿ ಜಿಗಿಹುಳುವನ್ನು ತಿನ್ನುವ ಜೇಡ, ಮಿರಿಡ್ ತಿಗಣೆಗಳನ್ನೂ ಕೊಲ್ಲುತ್ತದೆ. ಎಲೆಯ ಮೇಲೆ ಹೊಡೆದದ್ದು ಬುಡದಲ್ಲಿ ಕೂತ ಹುಳುವಿಗೆ ತಾಗುವುದೂ ಕಷ್ಟ.

ಆಮೇಲೆ ಈ ಹುಳು ಬರುವ ದಾರಿ ಹುಡುಕತೊಡಗಿದೆ. ಇದರಲ್ಲಿ ಎರಡು ಬಗೆ: ಗಿಡ್ಡ ರೆಕ್ಕೆಯದು ಹಾರುವುದಿಲ್ಲ, ಕೂತಲ್ಲೇ ಮೊಟ್ಟೆ ಇಡುತ್ತದೆ. ಪೈರು ಬಲಿತು ರಸ ಕಡಿಮೆಯಾಗಿ, ಹುಳು ಕಿಕ್ಕಿರಿದಾಗ ಉದ್ದ ರೆಕ್ಕೆಯವು ಹುಟ್ಟಿ ಗದ್ದೆ ಬಿಟ್ಟು ಹೊರಡುತ್ತವೆ. ಹೊರಡುವುದು ಹೆಚ್ಚಾಗಿ ಮುಸ್ಸಂಜೆ, ಇಲ್ಲವೇ ನಸುಕಿನಲ್ಲಿ. ಅವುಗಳ ಸ್ವಂತ ವೇಗ ಅತ್ಯಲ್ಪ. ಮೇಲೇರಿದ ಮೇಲೆ ಗಾಳಿ ಒಯ್ದಲ್ಲಿಗೆ ಹೋಗುತ್ತವೆ. ಎಷ್ಟು ದೂರ ಎಂದರೆ, 1967ರ ಜುಲೈಯಲ್ಲಿ ಜಪಾನಿನ ದಕ್ಷಿಣಕ್ಕೆ ಸುಮಾರು 500 ಕಿಲೋಮೀಟರ್ ದೂರದ ಸಮುದ್ರದಲ್ಲಿದ್ದ ಹವಾಮಾನ ಹಡಗಿಗೆ ಇವು ಹಿಂಡುಹಿಂಡಾಗಿ ಬಂದಿಳಿದಿದ್ದವು. ಜಪಾನಿನ ಚಳಿಗಾಲದಲ್ಲಿ ಈ ಹುಳು ಬದುಕದು. ಪ್ರತಿವರ್ಷ ಅಲ್ಲಿಯ ಮಳೆಗಾಲದ ನೈಋತ್ಯ ಗಾಳಿಯೇ ಚೀನಾ ಕಡೆಯಿಂದ ಹೊತ್ತು ತರುತ್ತದೆ. ನಮ್ಮಲ್ಲಿ ಅಂಥ ಚಳಿ ಇಲ್ಲ, ನಾಲೆ ಬಯಲಿನಲ್ಲಿ ಬೇಸಿಗೆಯಲ್ಲೂ ಭತ್ತ ಇರುತ್ತದೆ. ಹಾಗಾಗಿ ಹುಳು ಇಲ್ಲೇ ಉಳಿದು, ಊರಿಂದೂರಿಗೆ ದಾಟುತ್ತದೆ.

ನಾನು ತಪ್ಪು ತಿಳಿದದ್ದು ಒಂದಿತ್ತು. ಜೋರು ಗಾಳಿ ಬೀಸಿದರೆ ಹುಳು ಬರುತ್ತದೆ ಎಂದುಕೊಂಡಿದ್ದೆ. ನೆಲದ ಮಟ್ಟದಲ್ಲಿ ಗಾಳಿ ಬಿರುಸಾಗಿದ್ದರೆ ಅವು ಪೈರು ಬಿಟ್ಟು ಏಳುವುದೇ ಇಲ್ಲ. ಆಷಾಢದ ಗಾಳಿಯಲ್ಲಿ ನಮಗೆ ಅಷ್ಟು ಭಯವಿಲ್ಲ. ಚಿತ್ತೆ ಮಳೆಯ ಹೊತ್ತಿಗೆ ಪಡುವಣ ಗಾಳಿ ಸೋತಿರುತ್ತದೆ, ಮೂಡಗಾಳಿ ಇನ್ನೂ ಹಿಡಿದಿರುವುದಿಲ್ಲ. ಮಳೆ ನಿಂತು, ಎಲೆ ಅಲ್ಲಾಡದೆ, ಸೆಕೆಯಾಗುವ ಆ ಸಂಜೆಗಳೇ ಅಪಾಯ.

ಈಗ ಭಾದ್ರಪದದಿಂದಲೇ ಪಂಪ್‌ಸೆಟ್ ಮನೆ ಹತ್ತಿರ ಒಂದು ಬಲ್ಬ್ ಕಟ್ಟಿ, ಕೆಳಗೆ ಸೋಪು ನೀರಿನ ಬುಟ್ಟಿ ಇಡುತ್ತೇನೆ. ಬೆಳಿಗ್ಗೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಪಕ್ಕದಲ್ಲಿ ಗಾಳಿ ಇತ್ತೋ ಇಲ್ಲವೋ ಎಂದೂ. ಹುಣ್ಣಿಮೆಯ ಆಸುಪಾಸು ಬಲ್ಬಿಗೆ ಕಡಿಮೆ ಬೀಳುತ್ತವೆ, ಅದನ್ನು ನಂಬಬಾರದು. ಉದ್ದ ರೆಕ್ಕೆಯವು ಒಮ್ಮೆಲೇ ಹೆಚ್ಚು ಬಿದ್ದ ದಿನಕ್ಕೆ ಗುರುತು ಹಾಕುತ್ತೇನೆ. ಮೊಟ್ಟೆ ಒಡೆಯಲು ಏಳರಿಂದ ಒಂಬತ್ತು ದಿನ ಬೇಕು. ಹನ್ನೆರಡನೇ ದಿನ ಗದ್ದೆಗಿಳಿದು, ಬುಡ ಬಗ್ಗಿಸಿ ಮರಿ ನೋಡುತ್ತೇನೆ. ಒಂದು ಬುಡಕ್ಕೆ ಹತ್ತು ಮರಿಯ ಹತ್ತಿರ ಇದ್ದರೆ ಮೊದಲು ನೀರು ಬಸಿಯುವುದು, ಯೂರಿಯಾ ನಿಲ್ಲಿಸುವುದು. ಆಗಲೂ ಇಳಿಯದಿದ್ದರೆ ಮಾತ್ರ ಬುಪ್ರೊಫೆಜಿನ್ ಎಂಬ ಔಷಧಿ, ನಳಿಕೆಯನ್ನು ಬುಡಕ್ಕೇ ಹಿಡಿದು. ಅದು ಮರಿ ಪೊರೆ ಬಿಡುವುದನ್ನು ತಡೆಯುತ್ತದೆ. ರೆಕ್ಕೆ ಬಂದ ಹುಳುವಿಗೆ ಹೊಡೆದು ಪ್ರಯೋಜನ ಕಡಿಮೆ. ಅದಕ್ಕೇ ಆ ಹನ್ನೆರಡು ದಿನದ ಲೆಕ್ಕಕ್ಕೆ ಬೆಲೆ. ನಾಟಿಯಲ್ಲಿ ಎರಡು ಮೂರು ಮೀಟರಿಗೊಂದು ಕಡೆ ಅಡಿಯಗಲ ಜಾಗ ಖಾಲಿ ಬಿಟ್ಟಿರುವುದರಿಂದ ಬುಡಕ್ಕೆ ಗಾಳಿ ಬೆಳಕು ಆಡುತ್ತದೆ, ಔಷಧಿ ಹೊಡೆಯಲು ಓಡಾಡಲೂ ಸಲೀಸು.

ಹೋದ ಸಲ ಒಮ್ಮೆ ಮಾತ್ರ ಹೊಡೆದೆ, ಅದೂ ಒಂದೇ ಮಡಿಗೆ. ಚಿತ್ತೆ ಮಳೆಯಲ್ಲಿ ಒಂದು ಸಂಜೆ ಪಕ್ಕದ ಗದ್ದೆಯ ಅಣ್ಣ ಬದುವಿನ ಮೇಲೆ ನಿಂತು, “ಗಾಳಿ ಬಿದ್ದೈತಿ ನೋಡಪಾ, ಬಲ್ಬ್ ಹಾಕಿದ್ಯಾ?” ಅಂದರು. ಆ ರಾತ್ರಿ ಅವರ ಗದ್ದೆಯಲ್ಲೂ ಒಂದು ಬಲ್ಬ್ ಉರಿಯುತ್ತಿತ್ತು.